ಓರೆಕೋರೆ ಸೈಟಿಗೆ ಪ್ಯಾರಿಸಿನ ಪಾಠ

ನಮ್ಮ ಆರ್ಕಿಟೆಕ್ಟ್ ಆಫೀಸಿಗೆ ಹೊಸದಾಗಿ ಸೇರಿದವರಿಗೆ ಓರೆಕೋರೆ ಸೈಟು ಕೊಟ್ಟರೆ, ಹೆಚ್ಚಿನವರು ರೂಮುಗಳನ್ನು ಗಡಿಗೆ ಅಂಟಿಸುತ್ತಾ ಹೋಗುತ್ತಾರೆ. ಮಧ್ಯದಲ್ಲಿ ಮಿಕ್ಕಿದ ಜಾಗಕ್ಕೆ ಅಂಗಳ ಅಂತ ಹೆಸರಿಡುತ್ತಾರೆ. ಆಗ ನಾನು ಪ್ಯಾರಿಸಿನ ಮಾರೆ ಪ್ರದೇಶದ ಹಳೆಯ ಬಂಗಲೆ ಒಟೆಲ್ ದ ಬೋವೆಯ ಪ್ಲಾನನ್ನು ಟೇಬಲ್ ಮೇಲೆ ಹರಡುತ್ತೇನೆ.

ಹದಿನೇಳನೇ ಶತಮಾನದ ಪ್ಯಾರಿಸಿನಲ್ಲಿ ಶ್ರೀಮಂತರ ಮನೆಗೆ ಒಂದು ರೂಢಿಯ ಕ್ರಮವಿತ್ತು. ಬೀದಿಗೆ ಗೇಟು, ಒಳಗೆ ಅಂಗಳ, ಅದರಾಚೆ ಮನೆ, ಹಿಂದೆ ತೋಟ. ಅದೇ ಮಾರೆ ಪ್ರದೇಶದ ಒಟೆಲ್ ದ ಸುಲ್ಲಿ ಹಾಗೇ ಇದೆ. ಫ್ರಾನ್ಸಿನ ರಾಣಿ ಆನ್‌ಳ ಆಪ್ತ ಸೇವಕಿ ಕ್ಯಾಥರೀನ್ ಬೆಲಿಯೆಗೆ ಬೋವೆ ಮನೆ ಕಟ್ಟಲು ಸಿಕ್ಕ ಸೈಟು ಮಾತ್ರ ಸೊಟ್ಟಂಬಟ್ಟ. ಕೆಳಗೆ ಮಧ್ಯಯುಗದ ನೆಲಮಾಳಿಗೆ ಬೇರೆ. 1655ರ ಸುಮಾರಿಗೆ ಕೆಲಸ ಹಿಡಿದ ಆರ್ಕಿಟೆಕ್ಟ್ ಆಂಟ್ವಾನ್ ಲ ಪೋತ್ರ್ ಆ ಕ್ರಮವನ್ನೇ ತಿರುಗಿಸಿದ. ಮುಖ್ಯ ಮನೆಯನ್ನು ಬೀದಿಗೆ ತಂದ, ಅದರ ಕೆಳಗೆ ಅಂಗಡಿಗಳನ್ನಿಟ್ಟ.

ಪ್ಲಾನಿನ ಮೇಲೆ ಬೆರಳಿಟ್ಟು ನೋಡಿ. ಬಾಗಿಲು ದಾಟಿದರೆ ಕಂಬಗಳ ದುಂಡು ಮೊಗಸಾಲೆ. ಅಲ್ಲಿಂದ ನೇರಕ್ಕೆ ಅಂಗಳ, ಅದರ ಕೊನೆ ಅರ್ಧವೃತ್ತ. ಎಡ ಬಲ ಎರಡೂ ಸಮ. ಅಲ್ಲಿ ನಿಂತವನಿಗೆ ಸೈಟು ಸೊಟ್ಟ ಅಂತ ಗೊತ್ತಾಗುವುದೇ ಇಲ್ಲ! ಆ ಸೊಟ್ಟೆಲ್ಲ ಗೋಡೆಯ ದಪ್ಪದಲ್ಲಿ, ಚಿಕ್ಕ ಕೋಣೆಗಳಲ್ಲಿ, ಮೂಲೆಗಳಲ್ಲಿ ಅಡಗಿದೆ. ತೋಟಕ್ಕೆ ನೆಲದಲ್ಲಿ ಜಾಗವಿಲ್ಲ, ಹಾಗಾಗಿ ಅದು ಮೇಲಂತಸ್ತಿನ ತಾರಸಿಗೆ ಏರಿತು. ನನಗಂತೂ ಇದು ಸುಲ್ಲಿಗಿಂತ ಜಾಸ್ತಿ ಇಷ್ಟ. ಅಷ್ಟು ಇಕ್ಕಟ್ಟಿನಲ್ಲಿ ಇಷ್ಟು ನಿರಾಳ ತರುವುದು ಸುಮ್ನೆ ಮಾತಲ್ಲ.

ಮನೆ ಬೀದಿಗೆ ಬಂದದ್ದಕ್ಕೂ ಫಲ ಸಿಕ್ಕಿತು. 1660ರ ಆಗಸ್ಟ್ 26ರಂದು ಹದಿನಾಲ್ಕನೇ ಲೂಯಿ ಹೊಸ ರಾಣಿಯೊಂದಿಗೆ ನಗರ ಪ್ರವೇಶ ಮಾಡಿದಾಗ, ತಾಯಿ ಆನ್ ಇದೇ ಮನೆಯ ಬಾಲ್ಕನಿಯಿಂದ ಮೆರವಣಿಗೆ ನೋಡಿದಳು. 1763ರಲ್ಲಿ ಬಾಲಕ ಮೊಜಾರ್ಟ್ ಇಲ್ಲಿ ತಂಗಿದ್ದ. ಈಗ ಇದು ಪ್ಯಾರಿಸಿನ ಆಡಳಿತಾತ್ಮಕ ಮೇಲ್ಮನವಿ ನ್ಯಾಯಾಲಯ.

ಹಾಗಾಗಿ ನಮ್ಮಲ್ಲಿ ಈಗ ಒಂದು ಪದ್ಧತಿ. ಸೈಟಿನ ಗಡಿ ಬರೆದ ಮೇಲೆ ಮೊದಲು ಅಂಗಳ ಬರೆಯಬೇಕು, ಬಾಗಿಲಿನಿಂದ ನೇರ ಗೆರೆ ಎಳೆದು. ಅಂಗಳ, ಹಾಲ್, ಮಲಗುವ ಕೋಣೆ ಚೌಕವಾಗಿರಲಿ. ಮೆಟ್ಟಿಲು, ಸ್ಟೋರು, ಬಚ್ಚಲು, ಪೈಪು ಇಳಿಯುವ ಡಕ್ಟು ಇವೆಲ್ಲ ಸೊಟ್ಟ ಮೂಲೆಗೆ ಹೋಗಲಿ. ಬಚ್ಚಲು ಸ್ವಲ್ಪ ಓರೆಯಾದರೆ ಯಾರಿಗೂ ತೊಂದರೆಯಿಲ್ಲ, ಅಲ್ವಾ? ಮಂಚ ಹಾಕುವ ಗೋಡೆ ಓರೆಯಾದರೆ ಮನೆಯವರು ದಿನಾ ಅನುಭವಿಸಬೇಕು.