ಸ್ಟಾರ್ಟರ್ ಕಿರುಚಾಟ ನಿಂತಿತು: 1970ರ ಶೆವೆಲ್, 350 ಎಂಜಿನ್

ಈ ಶೆವ್ರೊಲೆ (ಶೆವಿ) ಶೆವೆಲ್ ಕಾರಿನ ಸ್ಟಾರ್ಟರ್ ಮೋಟಾರಿನಿಂದ ಮೂರು ವಾರ ಕಾಡಿದ ಸದ್ದು ಕೊನೆಗೂ ಅಡಗಿದೆ. ಎಂಜಿನ್ ಇಳಿಸಿದ್ದು, ಟರ್ಬೊ 350 ಗೇರ್‌ಬಾಕ್ಸ್ ಕೂರಿಸಿದ್ದು, ರೇಡಿಯೇಟರ್ ಪೈಪು ಹಾಕಿದ್ದು ಎಲ್ಲರೂ ಮಾಡಿರುವ ಕೆಲಸವೇ, ಅದನ್ನು ಬಿಡೋಣ. ಈ ಸಲದ ಮಾತೆಲ್ಲ ಪಿನಿಯನ್ನಿಗೂ (ಸ್ಟಾರ್ಟರ್ ತುದಿಯ ಸಣ್ಣ ಹಲ್ಲುಚಕ್ರ) ರಿಂಗ್ ಗೇರಿಗೂ (ಅದು ತಿರುಗಿಸುವ, ಎಂಜಿನ್ನಿನ ದೊಡ್ಡ ಹಲ್ಲುಚಕ್ರ) ನಡುವೆ ಇರಬೇಕಾದ 35 ಥೌ ಜಾಗದ ಬಗ್ಗೆ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ.

ಮೊದಲು ಸದ್ದು ಯಾವಾಗ ಬರುತ್ತೆ ಅಂತ ಕಿವಿಗೊಟ್ಟು ಕೇಳಬೇಕು. ಎಂಜಿನ್ ಇನ್ನೂ ಹತ್ತಿಲ್ಲ, ಸ್ಟಾರ್ಟರ್ ತಿರುಗಿಸುವಾಗಲೇ ಕೀರಲು ಸದ್ದು ಬಂದರೆ ಪಿನಿಯನ್ ದೂರ ಇದೆ. ಎಂಜಿನ್ ಹತ್ತಿ, ಕೀಲಿ ಬಿಡುವ ಹೊತ್ತಿಗೆ ಕಿರುಚಿದರೆ ತೀರಾ ಹತ್ತಿರ ಇದೆ. ಎರಡೂ ಕಿವಿಗೆ ಒಂದೇ ಥರ, ಮದ್ದು ಮಾತ್ರ ತದ್ವಿರುದ್ಧ. ಇಲ್ಲಿ ಬರುತ್ತಿದ್ದದ್ದು ಮೊದಲನೆಯದು. ಆದರೂ ಸ್ಟಾರ್ಟರಿನ ಡಬ್ಬಿಯೊಳಗೆ ಕೊಟ್ಟಿದ್ದ 15 ಥೌ ಶಿಮ್‌ಗಳನ್ನು (ಸಂದಿಗೆ ಇಡುವ ತೆಳು ತಗಡು) ಎರಡೂ ಬೋಲ್ಟಿಗೆ ಎರಡೆರಡು ಹಾಕಿಯೇ ಕೂರಿಸಲಾಗಿತ್ತು. ಎರಡೂ ಕಡೆ ಹಾಕಿದ ಶಿಮ್ ಸ್ಟಾರ್ಟರನ್ನು ರಿಂಗ್ ಗೇರಿನಿಂದ ದೂರ ತಳ್ಳುತ್ತೆ. ರೋಗ ಹೆಚ್ಚಿಸುವ ಔಷಧಿ ಅದು!

ಅಳೆಯುವುದು ಹೀಗೆ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಫ್ಲೆಕ್ಸ್‌ಪ್ಲೇಟಿನ (ರಿಂಗ್ ಗೇರ್ ಹೊತ್ತಿರುವ ತೆಳು ತಟ್ಟೆ) ಕೆಳಗಿನ ತಗಡು ಬಿಚ್ಚಿ. ಸ್ಟಾರ್ಟರ್ ಮೂತಿಯೊಳಗೆ ಸ್ಕ್ರೂಡ್ರೈವರ್ ತೂರಿಸಿ ಪಿನಿಯನ್ನನ್ನು ಮುಂದಕ್ಕೆ ತಳ್ಳಿ ಹಲ್ಲಿಗೆ ಹಲ್ಲು ಕೂರಿಸಿ. ರಿಂಗ್ ಗೇರಿನ ಹಲ್ಲಿನ ತುದಿಗೂ ಪಿನಿಯನ್ ಹಲ್ಲುಗಳ ನಡುವಿನ ತಳಕ್ಕೂ ಮಧ್ಯೆ ತಂತಿ ಗೇಜು ಹಾಕಿ ನೋಡಿ. 20 ಥೌಗಿಂತ ಕಡಿಮೆ ಇದ್ದರೆ ಅಪಾಯ, 60 ದಾಟಿದರೆ ಹಲ್ಲು ಸವೆಯುತ್ತೆ. ಫ್ಲೆಕ್ಸ್‌ಪ್ಲೇಟ್ ಸ್ವಲ್ಪ ಸೊಟ್ಟಗಿರಬಹುದು, ಹಾಗಾಗಿ ತಿರುಗಿಸಿ ಮೂರು ಕಡೆ ಅಳೆದು, ಅತಿ ಬಿಗಿ ಇರುವ ಜಾಗವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಮೊದಲ ಅಳತೆ 75. ಶಿಮ್ ಎಲ್ಲ ತೆಗೆದ ಮೇಲೆ 55. ಇನ್ನೇನು ಮುಗಿಯಿತು ಅನ್ನಿಸಿತ್ತು. ಆದರೆ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿದರೆ 62, ಇನ್ನೊಂದು ಸಲ 48. ಅಳತೆ ಪ್ರತಿ ಸಲ ಬದಲಾಗುತ್ತಿದ್ದರೆ ತಪ್ಪು ಶಿಮ್‌ನಲ್ಲಿ ಇಲ್ಲ, ಸ್ಟಾರ್ಟರ್ ತನ್ನ ಜಾಗದಲ್ಲಿ ನಿಲ್ಲುತ್ತಿಲ್ಲ ಅಂತ ಅರ್ಥ.

ಕಳ್ಳ ಸಿಕ್ಕಿದ್ದು ಬೋಲ್ಟಿನಲ್ಲಿ. ಶೆವಿ ಸ್ಟಾರ್ಟರ್ ಬೋಲ್ಟಿನ ಕತ್ತಿನ ಮೇಲೆ ಸಣ್ಣ ಗೀರುಗಳ ಪಟ್ಟಿ ಇರುತ್ತೆ. ಅದು ಚಂದಕ್ಕಲ್ಲ. ಆ ಉಬ್ಬು ಭಾಗ ಸ್ಟಾರ್ಟರಿನ ತೂತಿಗೆ ಒತ್ತಿ ಕೂತು, ಅಲುಗದ ಹಾಗೆ ಹಿಡಿಯುತ್ತೆ. ಸ್ಟಾರ್ಟರ್ ಮಾರಿದವರು ಜೊತೆಗೆ ಕಳಿಸಿದ್ದು ನುಣುಪು ಕತ್ತಿನ ಸಾದಾ 3/8-16 ಬೋಲ್ಟ್. ಥ್ರೆಡ್ ಚೆನ್ನಾಗಿ ಹಿಡಿಯುತ್ತೆ, ಬಿಗಿತವೂ (ಟಾರ್ಕ್) ಬರುತ್ತೆ, ಆದರೆ ತೂತಿನೊಳಗೆ ಸ್ಟಾರ್ಟರ್ ಆಡುತ್ತಲೇ ಇರುತ್ತೆ. ಇಷ್ಟು ದುಡ್ಡು ತೆಗೆದುಕೊಂಡು ಎರಡು ಸರಿಯಾದ ಬೋಲ್ಟ್ ಇಡಲು ಏನು ಕಷ್ಟ? ಡಬ್ಬಿ ಮೇಲೆ ‘350ಗೆ’ ಅಂತಷ್ಟೇ ಬರೆದಿದ್ದರು, ಹಲ್ಲಿನ ಲೆಕ್ಕವೂ ಇಲ್ಲ. 153 ಹಲ್ಲಿನ ಸಣ್ಣ ಫ್ಲೆಕ್ಸ್‌ಪ್ಲೇಟಿಗೆ ಸ್ಟಾರ್ಟರಿನಲ್ಲಿ ನೇರ ಸಾಲಿನ ಬೋಲ್ಟ್ ತೂತು, 168 ಹಲ್ಲಿನ 14 ಇಂಚು ಪ್ಲೇಟಿಗೆ ಓರೆ ತೂತು. ಸೀಮೆಸುಣ್ಣದ ಗುರುತು ಹಾಕಿ ಹಲ್ಲು ಎಣಿಸದೆ ಆರ್ಡರ್ ಮಾಡಲೇಬೇಡಿ.

ಬೋಲ್ಟ್ ಬದಲಿಸುವ ಮುಂಚೆ ಇನ್ನೊಂದು ಕೆಲಸ. ಎಂಜಿನ್ ಬ್ಲಾಕಿಗೆ ಕಿತ್ತಳೆ ಬಣ್ಣ ಹೊಡೆಯುವಾಗ ಸ್ಟಾರ್ಟರ್ ಕೂರುವ ಮುಖಕ್ಕೂ ದಪ್ಪಗೆ ಬಿದ್ದಿತ್ತು. ಬಣ್ಣವೂ ಶಿಮ್ ಥರವೇ ಕೆಲಸ ಮಾಡುತ್ತೆ, ಮೇಲಾಗಿ ಅರ್ಥಿಂಗ್ ಕೆಡಿಸುತ್ತೆ. ಲೋಹ ಹೊಳೆಯುವ ತನಕ ಕೆರೆದು ತೆಗೆಯಿರಿ.

ಗೀರು ಕತ್ತಿನ ಬೋಲ್ಟ್, 35 ಫುಟ್‌ಪೌಂಡ್ ಬಿಗಿತ. ಅಳತೆ 45. ಬಿಚ್ಚಿ ಕಟ್ಟಿದರೂ 45, ಮೂರನೇ ಸಲವೂ 45. ಆಮೇಲೆ ಹೊರಗಿನ ಬೋಲ್ಟಿಗೆ ಮಾತ್ರ ಒಂದು 15 ಥೌ ಶಿಮ್. ಹೊರಗಡೆ ಮಾತ್ರ ಹಾಕಿದರೆ ಸ್ಟಾರ್ಟರ್ ಓರೆಯಾಗಿ ಪಿನಿಯನ್ ಸುಮಾರು 10 ಥೌ ಹತ್ತಿರ ಬರುತ್ತೆ. ಸರಿಯಾಗಿ 35! ಕೀಲಿ ತಿರುಗಿಸಿದರೆ ಆ ಹಳೇ ಡೆಲ್ಕೊ ಸ್ಟಾರ್ಟರ್ ಸದ್ದು, ಬೇರೇನೂ ಇಲ್ಲ. ಇಷ್ಟು ಹಿತವಾದ ಸದ್ದು ಈ ಗ್ಯಾರೇಜಿನಲ್ಲಿ ಕೇಳಿ ಎಷ್ಟೋ ದಿನವಾಗಿತ್ತು.

ಕಾರಿನ ಕೆಳಗೆ ಮಲಗಿದ್ದಾಗಲೇ ಮುಂದಿನ ಯೋಜನೆಯೂ ಕಣ್ಣಿಗೆ ಬಿತ್ತು: ಟರ್ಬೊ 350 ತೆಗೆದು ನಾಲ್ಕು ಗೇರಿನ 700ಆರ್4 ಗೇರ್‌ಬಾಕ್ಸ್ ಹಾಕುವುದು. ಮೊದಲ ಗೇರಿನ ಅನುಪಾತ 2.52ರಿಂದ 3.06ಕ್ಕೆ ಏರುತ್ತೆ, ನಾಲ್ಕನೇದು 0.70. ಹಿಂದಿನ ಆಕ್ಸಲಿನ ಅನುಪಾತ 3.31, ಎರಡನ್ನೂ ಗುಣಿಸಿದರೆ ಹೆದ್ದಾರಿಯಲ್ಲಿ ಒಟ್ಟು ಅನುಪಾತ 2.32ಕ್ಕೆ ಇಳಿಯುತ್ತೆ. ಕ್ರಾಸ್‌ಮೆಂಬರ್ (ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ) ಹಿಂದಕ್ಕೆ ಸರಿಸಬೇಕು, ಡ್ರೈವ್‌ಶಾಫ್ಟ್ ಗಿಡ್ಡ ಮಾಡಿಸಬೇಕು. ಎಲ್ಲಕ್ಕಿಂತ ದೊಡ್ಡ ಕೆಲಸ ಕಾರ್ಬ್ಯುರೇಟರಿನಿಂದ ಬರುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಹೊಂದಿಸುವುದು. ಅದು ತಪ್ಪಿದರೆ ಒಳಗಿನ ಪ್ರೆಶರ್ ಕುಸಿದು ಕ್ಲಚ್‌ಗಳು ಬಹುಬೇಗ ಸುಟ್ಟುಹೋಗುತ್ತವೆ.

ಅದಕ್ಕೂ ಮೊದಲು ಸ್ಟಾರ್ಟರಿನ ಮುಂಭಾಗವನ್ನು ಬ್ಲಾಕಿಗೆ ಹಿಡಿಯುವ ಸಣ್ಣ ಬ್ರೇಸ್ ಸಿಗಬೇಕು. ಹಿಂದೆ ಯಾರೋ ಬಿಚ್ಚಿ ಎಸೆದಿದ್ದಾರೆ. ಅದಿಲ್ಲದಿದ್ದರೆ ಇಡೀ ಭಾರ ಎರಡೇ ಬೋಲ್ಟಿನ ಮೇಲೆ ಜೋತುಬಿದ್ದು, ಅಲ್ಯೂಮಿನಿಯಂ ಮೂತಿಯೋ ಬ್ಲಾಕಿನ ಕಿವಿಯೋ ಬಿರುಕು ಬಿಡುತ್ತೆ. ಆ ತುಂಡು ತಗಡು ಕೈಗೆ ಬರುವವರೆಗೂ ಶೆವೆಲ್ ರಸ್ತೆಗೆ ಇಳಿಯುವುದಿಲ್ಲ.