ಮಳೆ ಬಿಟ್ಟರೂ ಬಾರದ ಸಿಗ್ನಲ್: ತೋಟದ ಮನೆಯ ಡಿಶ್ ಕೆಲಸ ಎಲ್ಲಿಗೆ ಬಂತು

ತೋಟದ ಮನೆಗೆ ಟಿವಿ ತರಿಸುವ ದಾರಿಗಳ ಪಟ್ಟಿಯಿಂದ ಯಾಗಿ ಆಂಟೆನಾ (ಸೂರಿನ ಮೇಲಿನ ಹಳೆ ಕಡ್ಡಿ ಆಂಟೆನಾ) ಔಟ್. ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್‌ಗಳು 2022ರ ಹೊತ್ತಿಗೇ ಬಹುಪಾಲು ಬಂದ್. ಆದರೂ ಅಂಗಡಿಯವರು "ಬೂಸ್ಟರ್ ಹಾಕಿ ಸಾರ್, ಬರುತ್ತೆ" ಅನ್ನುವುದನ್ನು ಬಿಟ್ಟಿಲ್ಲ. ಬರುವುದು ಕರೆಂಟ್ ಬಿಲ್ ಮಾತ್ರ. ಉಳಿದದ್ದು ದೂರದರ್ಶನದ ಉಚಿತ ಉಪಗ್ರಹ ಟಿವಿ, ಫ್ರೀ ಡಿಶ್. 60 ಸೆಂ.ಮೀ. ಬದಲು 90 ಸೆಂ.ಮೀ. ಡಿಶ್ ಹಾಕಿದರೆ ಸಿಗ್ನಲ್ ಸುಮಾರು 3.5 ಡಿಬಿ (ಡೆಸಿಬೆಲ್) ಹೆಚ್ಚು. ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆಗೆ ಅಷ್ಟಾದರೂ ಬೇಕು. ದೊಡ್ಡ ಡಿಶ್‌ನ ಬೀಮ್ ಕಿರಿದು, ಕಂಬ ಚೂರೂ ಅಲ್ಲಾಡಬಾರದು.

ಮಡಿಕೇರಿ ಸುತ್ತಮುತ್ತ ಫ್ರೀ ಡಿಶ್ ಬರುವ ಉಪಗ್ರಹ ಜಿಸ್ಯಾಟ್-15ಕ್ಕೆ (93.5° ಪೂರ್ವ) ದಿಕ್ಕು ಉತ್ತರದಿಂದ 124°, ಎತ್ತರದ ಕೋನ 65°. ಅಲ್ಲಿವರೆಗೆ ಸಲೀಸು. ತಲೆ ತಿಂದದ್ದು ಇದು: ಜಡಿಮಳೆಯಲ್ಲಿ ಚಿತ್ರ ಹೋಗಿ, ಮಳೆ ತಗ್ಗಿದ ಕೂಡಲೇ ಬಂದರೆ ಅದು ಮಳೆಯದೇ ಕಾಟ. ಇಲ್ಲಿ ಬಿಸಿಲು ಬಿದ್ದು ಅರ್ಧ ದಿನವಾದರೂ ಕ್ವಾಲಿಟಿ ಮೇಲೇಳುವುದಿಲ್ಲ, ಮೇಲಿನ ಫ್ರೀಕ್ವೆನ್ಸಿಯ ಚಾನೆಲ್‌ಗಳು ಮೊದಲು ಸಾಯುತ್ತವೆ. ಕೇಬಲ್ ಒಳಗೆ ನೀರು ಸೇರಿದ ಲಕ್ಷಣ.

ನೀರು ಹೊಕ್ಕದ್ದು ಎಲ್‌ಎನ್‌ಬಿ (ಡಿಶ್ ಮುಂದೆ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ) ಹತ್ತಿರ. ನಾವು ಭೂಮಧ್ಯರೇಖೆಗೆ ಹತ್ತಿರ, ಉಪಗ್ರಹ ಪೂರ್ವಕ್ಕೆ ಸಾಕಷ್ಟು ದೂರ. ಹಾಗಾಗಿ ಸ್ಕ್ಯೂ (ಎಲ್‌ಎನ್‌ಬಿಯನ್ನು ತಿರುಗಿಸಿ ಕೂರಿಸುವ ಕೋನ) ಲೆಕ್ಕಕ್ಕೆ ಸುಮಾರು 54° ಬರುತ್ತದೆ. ಡಿಶ್ ಹಿಂದೆ ನಿಂತು ನೋಡಿದರೆ ಕನೆಕ್ಟರ್ ಗಡಿಯಾರದ 4ರ ಕಡೆ ವಾಲುತ್ತದೆ. (ಕೊನೆಯ ಒಂದೆರಡು ಡಿಗ್ರಿಯನ್ನು ಕ್ವಾಲಿಟಿ ಮೀಟರ್ ನೋಡಿಯೇ ತಿರುಗಿಸಿ.) ಕಂಪನಿಯ ಪ್ಲಾಸ್ಟಿಕ್ ಮುಚ್ಚಳ ಕನೆಕ್ಟರ್ ನೇರ ಕೆಳಗಿರುತ್ತದೆಂದು ನಂಬಿ ಮಾಡಿದ್ದು. ವಾಲಿದಾಗ ಅದರ ಸೀಳು ಸೂರಿನ ದೋಣಿಯಂತೆ ನೀರನ್ನು ಹಿಡಿದು ಎಫ್ ಕನೆಕ್ಟರ್ ಬುಡಕ್ಕೇ ಬಿಡುತ್ತದೆ. ಅಲ್ಲಿಂದ ಕೇಬಲ್ ಹೊರಸುತ್ತಿನ ಹೆಣಿಗೆ ತಂತಿ ನೀರನ್ನು ಹೀರುತ್ತಾ ಹೋಗುತ್ತದೆ.

ಖಚಿತ ಮಾಡಿಕೊಳ್ಳಲು ಎರಡೂ ತುದಿ ಬಿಚ್ಚಿ, ನಡುವಿನ ತಂತಿಗೂ ಹೆಣಿಗೆಗೂ ಮಲ್ಟಿಮೀಟರ್ ಹಿಡಿಯಿರಿ. ಓಪನ್ ತೋರಿಸಬೇಕು, ಮೆಗಾಓಮ್‌ನಲ್ಲಿ ಏನಾದರೂ ಓಡಿದರೆ ಒಳಗೆ ತೇವ ಇದೆ. ಹೆಣಿಗೆ ಕಪ್ಪಾದಷ್ಟು ಉದ್ದ ಕತ್ತರಿಸಿ, ಬೆಳ್ಳಗೆ ಹೊಳೆಯುವ ಜಾಗ ಸಿಗುವವರೆಗೆ. ತಿರುಚಿ ಹಾಕುವ ಕನೆಕ್ಟರ್ ಬೇಡ, ಕಂಪ್ರೆಷನ್ (ಒತ್ತಿ ಕೂರಿಸುವುದು) ಹಾಕಿ. ಅದರ ಮೇಲೆ ಸೆಲ್ಫ್-ಅಮಾಲ್ಗಮೇಟಿಂಗ್ (ತನಗೆ ತಾನೇ ಬೆಸೆದುಕೊಳ್ಳುವ) ಟೇಪನ್ನು ಎರಡರಷ್ಟು ಉದ್ದಕ್ಕೆ ಎಳೆದು, ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸುವ ಕ್ರಮದಲ್ಲೇ ಸುತ್ತಿ. ಬಿಸಿಲಿಗೆ ಹೊರಗೊಂದು ಪಿವಿಸಿ ಟೇಪ್. ವಿನೆಗರ್ ವಾಸನೆಯ ಸಿಲಿಕೋನ್ ಮುಟ್ಟಲೇಬೇಡಿ, ತಾಮ್ರ ತಿನ್ನುತ್ತದೆ. ಕೇಬಲ್ ಕನೆಕ್ಟರ್‌ಗಿಂತ 15 ಸೆಂ.ಮೀ. ಕೆಳಗಿಳಿದು ಆಮೇಲೆ ಡಿಶ್‌ನ ತೋಳು ಹಿಡಿಯಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಎಲ್‌ಎನ್‌ಬಿ ಮೇಲೆ ಪಿವಿಸಿ ಪೈಪ್ ಸೀಳಿದ ತುಂಡೊಂದನ್ನು ಕಟ್ಟಿದ್ದೇ ಕೆಲಸಕ್ಕೆ ಬಂತು. ಫೀಡ್‌ನ (ಎಲ್‌ಎನ್‌ಬಿಯಲ್ಲಿ ಡಿಶ್‌ಗೆ ಮುಖ ಮಾಡಿದ ಭಾಗ) ಬಾಯಿ ಮಾತ್ರ ಮುಚ್ಚಬಾರದು.

ಇನ್ನು "ಪ್ಯೂರ್ ಕಾಪರ್" ಕೇಬಲ್. ನಡುವಿನ ತಂತಿಗೆ ಮ್ಯಾಗ್ನೆಟ್ ಹಿಡಿದರೆ ಗಪ್ಪನೆ ಅಂಟಿಕೊಂಡಿತು. ಉಕ್ಕಿಗೆ ತಾಮ್ರದ ಲೇಪ! ಸಿಗ್ನಲ್‌ಗೆ ಅಡ್ಡಿಯಿಲ್ಲ, ಆದರೆ ನೀರು ತಾಗಿದರೆ ಬೇಗ ತುಕ್ಕು, ಮತ್ತು ತಾಮ್ರದ ರೇಟೇಕೆ? ಕಂಪ್ರೆಷನ್ ಕನೆಕ್ಟರ್ ಕೇಳಿದರೆ "ಅದೆಲ್ಲ ಬೆಂಗಳೂರಲ್ಲಿ".

ಹಳೆ ಯಾಗಿಯ ಅಲ್ಯೂಮಿನಿಯಂ ಬೂಮ್ ಎಸೆದಿಲ್ಲ. ಮಡಿಕೇರಿ ಆಕಾಶವಾಣಿಯ 103.1ಕ್ಕೆ ಮೂರು ಎಲಿಮೆಂಟಿನ ಎಫ್‌ಎಂ ಯಾಗಿ ಮಾಡುವ ಯೋಚನೆ ಇದೆ: ಡೈಪೋಲ್ (ನಡುವಿನ ಕಡ್ಡಿ) 1.38 ಮೀ., ರಿಫ್ಲೆಕ್ಟರ್ (ಹಿಂದಿನದು) ಅದಕ್ಕಿಂತ 5% ಉದ್ದ, ಡೈರೆಕ್ಟರ್ (ಮುಂದಿನದು) ಅಷ್ಟೇ ಗಿಡ್ಡ. ಕಣಿವೆ ಮನೆಗಳಿಗೆ ಒಳ್ಳೆಯದು.

ಡಿಶ್‌ಗೆ ಬಾಕಿ ಇರುವುದು ಆಗ್ನೇಯದ ಸಿಲ್ವರ್ ಓಕ್. 65° ಕೋನಕ್ಕೆ ಡಿಶ್‌ಗಿಂತ 20 ಮೀ. ಮೇಲಿರುವ ತುದಿ ಕನಿಷ್ಠ 9.5 ಮೀ. ದೂರ ಇರಬೇಕು, ಇದು ಏಳೇ ಮೀಟರ್. ಒದ್ದೆ ಎಲೆ ಸಿಗ್ನಲ್ ನುಂಗುತ್ತದೆ. ಮರಕ್ಕೆ ಕರಿಮೆಣಸು ಹಬ್ಬಿದೆ, ಆದ್ದರಿಂದ ಬುಡಕ್ಕೆ ಕೈ ಹಾಕುವಂತಿಲ್ಲ. ಮರ ಕಪಾತಿನ (ಕೊಂಬೆ ಸವರುವ) ಹೊತ್ತಿಗೆ ತುದಿ ಇಳಿಸಿದರೆ ಸಾಕು, ಇಲ್ಲವೇ ಕಂಬವನ್ನು ಕಾಫಿ ಕಣದ ಅಂಚಿಗೆ ಸರಿಸಬೇಕು.