ಕಾದಂಬರಿಗೆ ಪಟ್ಟಿ ಎತ್ತಲು ನಾಚಿಕೆ ಆಗಲಿಲ್ವಾ?

ಇಲ್ಲ, ಆಗಲಿಲ್ಲ.

ಇಷ್ಟೇ ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಬಾಗಲಕೋಟೆಯ ಮಾರ್ಕೆಟ್‌ನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಬೀಗರ ಮನೆಯಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ಪಟ್ಟಿ ಎತ್ತುವುದು ಅಂದರೆ ನಮ್ಮ ಕಡೆ ಜನರಿಂದ ಚಂದಾ ಕೂಡಿಸುವುದು. ಮೊದಮೊದಲು ನಕ್ಕು ಉತ್ತರ ಕೊಡುತ್ತಿದ್ದೆ. ಈಗ ನಗು ಬರುವುದಿಲ್ಲ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಆಲಮಟ್ಟಿ ಹಿನ್ನೀರು ಬಂದು ಹಳೆ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದ ಒಂದು ಕುಟುಂಬದ ಕಥೆ ನನ್ನ ಮೊದಲ ಕಾದಂಬರಿ. ಪ್ರಕಾಶಕರೊಬ್ಬರು ಓದಿ ಇಷ್ಟಪಟ್ಟರು. ಆದರೆ ಅರ್ಧ ಪ್ರತಿಗಳನ್ನು ನೀವೇ ಕೊಳ್ಳಬೇಕು ಅಂದರು. ಅಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಓದುವವರನ್ನೇ ಕೇಳಿದೆ.

ಲೆಕ್ಕ ಸರಳ. 240 ಪುಟ, ಡೆಮಿ ಸೈಜು, 500 ಪ್ರತಿ. ಡಿಟಿಪಿ, ಮುಖಪುಟ, ಗದಗಿನ ಪ್ರೆಸ್ಸು, ಅಂಚೆ ಎಲ್ಲ ಸೇರಿ 80 ಸಾವಿರ ರೂಪಾಯಿ. ಒಂದು ಪ್ರತಿಗೆ 250. ಮುಂಗಡವಾಗಿ 320 ಪ್ರತಿ ಹೋದರೆ ಪುಸ್ತಕ ಅಚ್ಚಾಗುತ್ತದೆ. ಒಂದು ತಿಂಗಳಲ್ಲಿ ಅಷ್ಟು ಆಗದಿದ್ದರೆ ಎಲ್ಲರ ದುಡ್ಡೂ ವಾಪಸ್. 2009ರಲ್ಲಿ ಅಮೆರಿಕದಲ್ಲಿ ಶುರುವಾದ, ಜನರಿಂದ ದುಡ್ಡು ಕೂಡಿಸುವ ವೆಬ್‌ಸೈಟ್ ಕಿಕ್‌ಸ್ಟಾರ್ಟರ್‌ನಲ್ಲಿ ಇದೇ ನಿಯಮ: ಗುರಿ ಮುಟ್ಟಿದರೆ ದುಡ್ಡು ಕೈಗೆ, ಮುಟ್ಟದಿದ್ದರೆ ಒಂದು ಪೈಸೆಯೂ ಇಲ್ಲ. ನಿಯಮ ಅಲ್ಲಿಂದ ತಗೊಂಡೆ. ಈ ದುಡ್ಡಿಗೆ ಅಂತಲೇ ಬೇರೆ ಬ್ಯಾಂಕ್ ಖಾತೆ ತೆರೆದೆ, ಕ್ಯೂಆರ್ ಕೋಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಪುಸ್ತಕ ಬೇಕಾದವರು ಪುಸ್ತಕದ ಬೆಲೆ ಮೊದಲೇ ಕೊಟ್ಟರು. ಇದರಲ್ಲಿ ನಾಚುವುದು ಎಲ್ಲಿದೆ?

ಅದೇ ದಿನಗಳಲ್ಲಿ ನಮ್ಮ ಸಂಬಂಧಿಕರ ಮದುವೆ ಇತ್ತು. ಕಲ್ಯಾಣ ಮಂಟಪದಲ್ಲಿ ಕಾಕಾ ಟೇಬಲ್ ಹಾಕಿಕೊಂಡು ಆಯೇರಿ ಬರೆದುಕೊಳ್ಳುತ್ತಿದ್ದರು. ಯಾರು, ಯಾವ ಊರು, ಎಷ್ಟು ಕೊಟ್ಟರು. ನಾನು ಲಕೋಟೆ ಕೊಟ್ಟೆ. ಹೆಸರು ಬರೆದರು, ಮೊತ್ತ ಬರೆದರು, ಪೆನ್ನು ಕೈಯಲ್ಲಿ ಇರುವಾಗಲೇ ಜೋರಾಗಿ ಕೇಳಿದರು: “ಏನವಾ, ಕತಿ ಪುಸ್ತಕಕ್ಕ ಪಟ್ಟಿ ಎತ್ತಾಕತ್ತೀಯಂತ? ನಾಚಿಕಿ ಬರಲಿಲ್ಲೇನ ನಿನಗ?”

ಹಿಂದೆ ನಿಂತವರೆಲ್ಲ ನಕ್ಕರು.

“ಕಾಕಾ, ನೀವು ಈಗ ಏನ್ ಬರಿಯಾಕತ್ತೀರಿ?” ಅಂದೆ.

“ಇದು ಬ್ಯಾರೆ ಬಿಡವಾ,” ಅಂದರು. ಹೇಗೆ ಬೇರೆ ಅಂತ ಹೇಳಲಿಲ್ಲ. ನನ್ನ ಹಿಂದಿನವರ ಲಕೋಟೆಗೆ ಕೈ ಚಾಚಿದರು.

ಹೋಳಿ ಬಂದರೆ ಪಟ್ಟಿ ಎತ್ತುತ್ತೇವೆ. ಗಣಪತಿಗೆ ಎತ್ತುತ್ತೇವೆ. ಗುಡಿಯ ಕಳಸಕ್ಕೆ ಕೊಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುತ್ತೇವೆ. ಅಲ್ಲಿ ಯಾರಿಗೂ ನಾಚಿಕೆ ಇಲ್ಲ, ಇರಬೇಕಾಗಿಯೂ ಇಲ್ಲ. ಪುಸ್ತಕದ ಮಾತು ಬಂದರೆ ಮಾತ್ರ ಅದು ಬರೆದವಳ ಸ್ವಂತ ಆಸೆ, ಸ್ವಂತ ಖರ್ಚು. ನನಗೆ ಸಿಟ್ಟು ಬರುವುದು ಇಲ್ಲಿ.

ನಮ್ಮ ಕಡೆ ಕನ್ನಡ ಪುಸ್ತಕ ಬೆಳೆದದ್ದೇ ಜನರ ಬಾಗಿಲಿಗೆ ಹೋಗಿ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಮೊದಲೇ ಚಂದಾ ಕೊಟ್ಟ ಓದುಗರ ಬಲದಿಂದ ನಡೆಯಿತು. ಮೊನ್ನೆ ಮೊನ್ನೆ, 2013ರಲ್ಲಿ, ಪವನ್ ಕುಮಾರ್ ಪ್ರೇಕ್ಷಕರ ದುಡ್ಡಿನಲ್ಲೇ ‘ಲೂಸಿಯಾ’ ಸಿನಿಮಾ ಮಾಡಿದಾಗ ಹೊಸ ದಾರಿ ಅಂತ ಎಲ್ಲರೂ ಹೊಗಳಿದೆವು.

ಇನ್ನು ವಿಜಯಪುರದ ಫ.ಗು. ಹಳಕಟ್ಟಿಯವರು. ವಚನಗಳನ್ನು ಅಚ್ಚು ಹಾಕಬೇಕು ಅಂತ ಇದ್ದ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಭಾಷಣ ಮಾಡುವವರು ಈ ಕಥೆ ಹೇಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಮಾತ್ರ ಪ್ರತಿ ಸಲ ಸಂಕಟ ಆಗುತ್ತದೆ. ಇಡೀ ನಾಡು ಸೇರಿ ಹೊರಬೇಕಾದದ್ದನ್ನು ಅವರೊಬ್ಬರೇ ಯಾಕೆ ಹೊರಬೇಕಾಯಿತು? ಮನೆ ಮಾರಿದವರಿಗೆ ಕೈ ಮುಗಿಯುವ ನಾವು 250 ರೂಪಾಯಿ ಕೇಳಿದವಳನ್ನು ನಾಚಿಕೆ ಆಗಲಿಲ್ವಾ ಅಂತ ಕೇಳುತ್ತೇವೆ. ನಾನೂ ಮನೆ ಮಾರಿದ್ದರೆ ಸರಿ ಇರುತ್ತಿತ್ತಾ? ನಮ್ಮ ಹಳೆ ಮನೆ ನೀರಿಗೆ ಹೋಯಿತು. ನವನಗರದ ಮನೆಯ ಸಾಲ ಇನ್ನೂ ತೀರಿಲ್ಲ.

ನಾಚಿಕೆ ಬಿಡಿ. ಆ ತಿಂಗಳು ಹೇಗೆ ಕಳೆದಿರಿ ಅಂತ ಕೇಳಿದ್ದರೆ ಹೇಳಲು ಬೇಕಾದಷ್ಟಿತ್ತು.

ಮೊದಲ ದಿನ ರಾತ್ರಿ ಫೋನು ಸುಮ್ಮನಾಗಲೇ ಇಲ್ಲ. ಜೊತೆಗೆ ಕೆಲಸ ಮಾಡುವವರು, ಹಳೆ ವಿದ್ಯಾರ್ಥಿಗಳು, ಗೆಳತಿಯರು. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಹಳೆ ವಿದ್ಯಾರ್ಥಿಯೊಬ್ಬ ಎರಡು ಪ್ರತಿಯ ದುಡ್ಡು ಕಳಿಸಿ, “ಒಂದು ನನಗ, ಒಂದು ಅವ್ವಗ್ರಿ ಅಕ್ಕಾರ” ಅಂದ. ಇಡೀ ಜಿಲ್ಲೆ ನನ್ನ ಪುಸ್ತಕಕ್ಕೆ ಕಾಯುತ್ತಿದೆ ಅನ್ನಿಸಿತು. ಆಮೇಲೆ ಎಲ್ಲ ನಿಂತಿತು. ಹೀಗೆ ದುಡ್ಡು ಕೂಡಿಸಿದ ಯಾರನ್ನೇ ಕೇಳಿ, ಮೊದಲ ದಿನಗಳಲ್ಲಿ ಬರುತ್ತದೆ, ಕೊನೆಯ ದಿನಗಳಲ್ಲಿ ಬರುತ್ತದೆ, ನಡುವೆ ಬರಗಾಲ. ಅದು ಗೊತ್ತಿದ್ದೂ ತಡೆದುಕೊಳ್ಳುವುದು ಕಷ್ಟ. ಇದು ಮೋಸ ಇರಬಹುದಾ ಅಂತ ನೋಡಲು ಕೆಲವರು ಒಂದೇ ಒಂದು ರೂಪಾಯಿ ಕಳಿಸುತ್ತಿದ್ದರು. ಫೋನು ಸದ್ದು ಮಾಡಿದಾಗ ಅಡುಗೆಮನೆಯಿಂದ ಓಡಿ ಬಂದು ನೋಡಿದರೆ ಒಂದು ರೂಪಾಯಿ. ನಮ್ಮ ಓಣಿಯ ದೊಡ್ಡವ್ವ, “ಆ ಚೌಕ ಚೌಕ ಚಿತ್ರಕ್ಕ ಫೋನ್ ಹಿಡದ್ರ ಖಾತೆದಾಗಿನ ರೊಕ್ಕೆಲ್ಲಾ ಹೋಗ್ತೈತಂತ, ಖರೇನ?” ಅಂತ ಕೇಳಿ, ಕೊನೆಗೆ ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟರು.

ಒಳ್ಳೆಯದಾಗಲಿ ಅಂತ ಹಾರೈಸಿ, ಕೈ ಮುಗಿದ ಚಿತ್ರ ಹಾಕಿ, ದುಡ್ಡು ಕಳಿಸದೇ ಇದ್ದವರು ತುಂಬ ಜನ. ಅವರವರ ಕಷ್ಟ ಅವರಿಗೆ. ಆದರೆ ಆ ದಿನಗಳಲ್ಲಿ ಯಾರ ಮುಖ ನೋಡಿದರೂ ಇವರು ಕೊಟ್ಟಿದ್ದಾರಾ, ಇಲ್ವಾ ಅನ್ನುವುದೇ ಮೊದಲು ತಲೆಗೆ ಬರುತ್ತಿತ್ತು. ಆಪ್ತರನ್ನೂ ಹಾಗೆ ನೋಡುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ಫೋನು ಕಿತ್ತುಕೊಂಡು ಫ್ರಿಜ್ ಮೇಲೆ ಇಟ್ಟರು.

ಅದೇ ವಾರ ಪುಣೆಯಿಂದ ಹಿರಿಯರೊಬ್ಬರು ಫೋನ್ ಮಾಡಿದರು. ಹಳೆ ಬಾಗಲಕೋಟೆಯವರು. ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಹತ್ತು ಪ್ರತಿ ಬೇಕು ಅಂದರು. ಬ್ರಿಟನ್ನಿನಲ್ಲಿ 2011ರಲ್ಲಿ ಶುರುವಾದ ಅನ್‌ಬೌಂಡ್ ಅನ್ನುವ ಪ್ರಕಾಶನ ಮುಂಗಡ ಕೊಟ್ಟ ಓದುಗರ ಹೆಸರನ್ನು ಪುಸ್ತಕದಲ್ಲೇ ಅಚ್ಚು ಹಾಕುತ್ತಿತ್ತು. ನಾನೂ ಹಾಗೆ ಮಾಡುತ್ತೇನೆ ಅಂತ ಹೇಳಿದ್ದೆ. “ನನ್ನ ಹೆಸರು ಬ್ಯಾಡ. ನಮ್ಮಪ್ಪನ ಹೆಸರು ಹಾಕ್ರಿ. ಮುಂದ ಹಳೆ ಮನಿ ವಿಳಾಸ ಬರೀರಿ,” ಅಂದರು. ಈ ಮಾತನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡೆ. ಆಮೇಲೆ ಬಂದವರಲ್ಲಿ ಹೆಚ್ಚಿನವರು ಹೆಸರಿನ ಜೊತೆ ವಿಳಾಸವನ್ನೂ ಕೊಟ್ಟರು. ಕಿಲ್ಲಾ, ಹಳಪೇಟೆ, ವೆಂಕಟಪೇಟೆ. ಮನೆ ನಂಬರು ನೆನಪಿದ್ದವರು ಅದನ್ನೂ ಕೊಟ್ಟರು. ಪುಸ್ತಕದ ಕೊನೆಯ ಪುಟಗಳಲ್ಲಿ ಈಗ ಅವೆಲ್ಲ ಇವೆ. ಇಡೀ ಕಾದಂಬರಿಯಲ್ಲಿ ನಾನು ಜಾಸ್ತಿ ಸಲ ತೆಗೆದು ನೋಡುವ ಪುಟಗಳು ಅವು.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಯಾರೂ ಕೇಳಲಿಲ್ಲ. ದುಡ್ಡು ಕೊಟ್ಟವರು ನಿಮ್ಮ ಬರವಣಿಗೆಯಲ್ಲಿ ಕೈ ಹಾಕಲಿಲ್ವಾ?

ಹಾಕಿದರು. ಮುಂಗಡ ಕೊಟ್ಟವರಿಗೆ ಒಂದು ಅಧ್ಯಾಯ ಮೊದಲೇ ಓದಲು ಕಳಿಸಿದ್ದೆ. ಪರಿಹಾರದ ದುಡ್ಡಿಗಾಗಿ ಅಣ್ಣ ತಮ್ಮ ಕೋರ್ಟಿಗೆ ಹೋಗುವ ಅಧ್ಯಾಯ. ಮರುದಿನ ಒಬ್ಬರು ಫೋನ್ ಮಾಡಿದರು. 20 ಪ್ರತಿಗೆ 5,000 ಕೊಟ್ಟಿದ್ದವರು. ಅವರ ಹಳ್ಳಿ ಇನ್ನೂ ಮುಳುಗಿಲ್ಲ. ಆಲಮಟ್ಟಿಯಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. 524.256ಕ್ಕೆ ಏರಿಸಿದರೆ ಅವರ ಊರೂ ಹೋಗುತ್ತದೆ.

“ಅಕ್ಕಾರ, ಅದನ್ನ ತಗೀರಿ. ನಮ್ಮೂರಿಗೆ ಇನ್ನ ಪರಿಹಾರ ಬರಬೇಕ್ರಿ. ಇವರಿಗೆ ರೊಕ್ಕ ಕೊಟ್ರ ಬಡಿದಾಡ್ತಾರ ಅಂತ ನಾಳೆ ನಿಮ್ಮ ಪುಸ್ತಕಾನ ತೋರಸ್ತಾರ.”

ಅವರು ಬೆದರಿಸಲಿಲ್ಲ, ಜೋರು ಮಾಡಲಿಲ್ಲ. ಕೇಳಿಕೊಂಡರು. ಅದಕ್ಕೇ ಉತ್ತರ ಕೊಡುವುದು ಇನ್ನೂ ಕಷ್ಟವಾಯಿತು. ಅವರು ಹೇಳಿದ್ದರಲ್ಲಿ ಸತ್ಯ ಇತ್ತು. ಆದರೆ ಆ ಅಧ್ಯಾಯ ತೆಗೆದರೆ ನನ್ನ ಕಾದಂಬರಿಯೇ ಇಲ್ಲ. ನಾಲ್ಕು ಸಂಸಾರ ಇದ್ದ ಮನೆ, ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಒಬ್ಬರದೇ ಹೆಸರು, ಚೆಕ್ಕು ಬಂದದ್ದು ಆ ಹೆಸರಿಗೆ. ಆ ಅಣ್ಣತಮ್ಮಂದಿರು ಆಸೆಬುರುಕರಲ್ಲ. ಕೂಡಿ ಬಾಳಿದ ಮನೆಯನ್ನು ಒಂದು ಕಾಗದದ ಲೆಕ್ಕಕ್ಕೆ ಇಳಿಸಿದರೆ ಏನಾಗುತ್ತದೆ ಅನ್ನುವುದನ್ನು ಹೇಳಲಿಕ್ಕೆಂದೇ ನಾನು ಬರೆಯಲು ಕೂತದ್ದು.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಧ್ಯಾಯ ಉಳಿಸಿಕೊಂಡೆ. ಅವರ 5,000 ವಾಪಸ್ ಕಳಿಸಿ, ಯಾಕೆ ಅಂತ ದೊಡ್ಡ ಪತ್ರ ಬರೆದೆ. “ಸರಿ ಬಿಡ್ರಿ ಅಕ್ಕಾರ” ಅಂತ ಒಂದು ಸಾಲಿನ ಉತ್ತರ ಬಂತು. ಆಮೇಲೆ ಅವರು ಫೋನ್ ಮಾಡಿಲ್ಲ. ಅವರದು ತಪ್ಪು ಅಂತ ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ನನ್ನದೂ ತಪ್ಪಲ್ಲ.

ಪುಸ್ತಕಕ್ಕೆ ಮೊದಲೇ ದುಡ್ಡು ತಗೊಂಡರೆ ಬರೆಯುವ ಕೋಣೆಯೊಳಗೆ ಜನ ಬಂದು ಕೂರುತ್ತಾರೆ. ಕೆಲವರು ಹಳೆ ಮನೆಯ ವಿಳಾಸ ತರುತ್ತಾರೆ, ಕೆಲವರು ನಾಳೆಯ ಭಯ ತರುತ್ತಾರೆ. ಯಾರನ್ನೂ ಸುಮ್ನೆ ಹೊರಗೆ ಹೋಗಿ ಅನ್ನಲು ಆಗುವುದಿಲ್ಲ. ಆ ತಿಂಗಳ ನಿಜವಾದ ಭಾರ ಅದು. ಕೈ ಚಾಚಿದ್ದು ಭಾರ ಅನ್ನಿಸಲೇ ಇಲ್ಲ.

ಕೊನೆಯ ವಾರ ಮತ್ತೆ ಫೋನು ಸದ್ದು ಮಾಡತೊಡಗಿತು. ವಾಪಸ್ ಕೊಟ್ಟ 20 ಪ್ರತಿಯ ಜಾಗವೂ ತುಂಬಿತು. 320 ದಾಟಿದಾಗ ಮನೆಯಲ್ಲಿ ಎಲ್ಲರೂ ಕುಣಿದರು. ನನಗೆ ಮೊದಲು ಬಂದದ್ದು ಹೆದರಿಕೆ. ಇನ್ನು ಪುಸ್ತಕ ಕೊಡಲೇಬೇಕು, ಅಲ್ವಾ? ಆಮೇಲಿನದು ಬರೀ ದುಡಿಮೆ. ಫಾಂಟ್ ಬದಲಿಸಿದಾಗ ಕೆಟ್ಟುಹೋದ ಒತ್ತಕ್ಷರಗಳನ್ನು ತಿದ್ದುವುದು, ಗದಗಿಗೆ ಓಡಾಡುವುದು, ವಿಳಾಸ ಬರೆದು ಅಂಟಿಸುವುದು.

ಈಗ ಹೊಸ ಪ್ರಶ್ನೆ ಶುರುವಾಗಿದೆ: ಎರಡನೆಯದಕ್ಕೂ ಹೀಗೇ ಕೇಳುತ್ತೀರಾ? ಕೇಳುತ್ತೇನೆ. ಪೂರ್ತಿ ಬರೆದು, ಪ್ರೂಫ್ ತಿದ್ದಿ ಮುಗಿಸಿದ ಮೇಲೆ ಕೇಳುತ್ತೇನೆ. ಅಧ್ಯಾಯ ಮೊದಲೇ ಕಳಿಸುವುದಿಲ್ಲ, ಎಲ್ಲರೂ ಪುಸ್ತಕದಲ್ಲೇ ಓದಬೇಕು. ಕಾಗದ ದುಬಾರಿ ಆಗಿದೆ, ಬೆಲೆ 300 ಆಗಬಹುದು. ಮೊದಲನೆಯದರ ಪ್ರತಿಗಳು ಇನ್ನೂ ಸ್ವಲ್ಪ ನಮ್ಮ ಮನೆಯಲ್ಲಿವೆ. ಬೇಕಾದವರು ಹೇಳಿ, ಕಳಿಸುತ್ತೇನೆ.